ಕಟ್ಟೆಗೆ ಪರಿಹಾರ ಇಲ್ಲ

ರಾತ್ರಿ ಎರಡೂವರೆಗೆ ಕರೆಂಟ್ ಹೋಯಿತು. ಹಾಸ್ಟೆಲ್ ಕೋಣೆಯಲ್ಲಿ ಐದು ಜನ ಇದ್ದೆವು. ಐವರ ಬಾಯಿಂದಲೂ ಒಂದೇ ಬೈಗುಳ ಒಟ್ಟಿಗೇ ಬಂತು. 2006ರ ಬೇಸಿಗೆ, ಬಾಗಲಕೋಟೆ. ಕಂಪ್ಯೂಟರ್ ಆಟಕ್ಕೆ ನಾವೇ ಕಟ್ಟಿದ ಜಾಗ, ಅಂದರೆ ಮ್ಯಾಪು, ಹನ್ನೊಂದಕ್ಕೆ ಕಂಪೈಲ್‌ಗೆ (ಆಡಲು ಬರುವ ಫೈಲಾಗಿ ಬದಲಾಗಲು) ಹಾಕಿದ್ದು ಕೊನೆಯ ಹಂತದಲ್ಲಿತ್ತು. ಮೊದಲು ಗೋಡೆಗಳ ಲೆಕ್ಕ, ಆಮೇಲೆ ಎಲ್ಲಿ ನಿಂತರೆ ಏನು ಕಾಣುತ್ತದೆ ಎಂಬ ಲೆಕ್ಕ, ಕಡೆಗೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂಬ ಲೆಕ್ಕ. ಈ ಬಿಸಿಲಿನ ಲೆಕ್ಕಕ್ಕೇ ಆ ಪೆಂಟಿಯಮ್ 4 ರಾತ್ರಿಯಿಡೀ ಏದುಸಿರು ಬಿಡುತ್ತಿತ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಮತ್ತೆ ಮೊದಲಿಂದ.

ಮ್ಯಾಪು ಮಾಡುತ್ತಿದ್ದವನನ್ನು ನಾವು ಗೌಂಡಿ ಅಂತಿದ್ದೆವು. ಓದುತ್ತಿದ್ದುದು ಮೆಕ್ಯಾನಿಕಲ್, ಆದರೆ ಹೊತ್ತು ಮುಳುಗಿದರೆ ಅವನಿಗೆ ಗೋಡೆ ಕಟ್ಟುವುದೇ ಕಸುಬು. ಕೌಂಟರ್ ಸ್ಟ್ರೈಕ್ 1.6 ಎಂಬ ಬಂದೂಕಿನ ಆಟಕ್ಕೆ ಮ್ಯಾಪು ಮಾಡುವ ಹ್ಯಾಮರ್ ಎಂಬ ಎಡಿಟರನ್ನು ಯಾರೋ ಸೀನಿಯರ್ ಸಿಡಿಗೆ ಹಾಕಿ ಕೊಟ್ಟಿದ್ದ. ಅದರದೊಂದು ವಿಚಿತ್ರ ಕಟ್ಟಳೆ: ಮ್ಯಾಪಿಗೆ ಎಲ್ಲೂ ಸಂದು ಇರಕೂಡದು. ಎರಡು ಗೋಡೆ ಕೂಡುವಲ್ಲಿ ಕೂದಲೆಳೆಯಷ್ಟು ಜಾಗ ಉಳಿದರೂ 'ಲೀಕ್' ಎಂದು ಬಂದು ಕೆಲಸವೆಲ್ಲ ಕೆಡುತ್ತಿತ್ತು. ಬಯಲು ಓಣಿ ಮಾಡಿದರೂ ತಪ್ಪುವುದಿಲ್ಲ, ಮೇಲೆ ಆಕಾಶದ ಬಣ್ಣ ಬಳಿದ ಛತ್ತು ಹಾಕಲೇಬೇಕು. "ಆಕಾಶ ಸೋರಾಕತ್ತೈತಿ ಲೇ" ಎಂದು ಗೌಂಡಿ ತಲೆ ಚಚ್ಚಿಕೊಳ್ಳುವುದು, ನಾವು ಬಿದ್ದು ಬಿದ್ದು ನಗುವುದು, ಹೀಗೆ ಒಂದು ಸೆಮಿಸ್ಟರ್ ಹೋಯಿತು. ಅವನು ಮೂರು ವಿಷಯದಲ್ಲಿ ಡುಮ್ಕಿ ಹೊಡೆದ.

ಕಟ್ಟುತ್ತಿದ್ದುದು ನಮ್ಮಿಬ್ಬರ ಓಣಿಯನ್ನು. ಹಳೇ ಬಾಗಲಕೋಟೆಯ ತಗ್ಗಿನಲ್ಲಿದ್ದ ಓಣಿ ಅದು. ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಊರು ಪೂರ್ತಿ ಮುಳುಗಲಿಲ್ಲ, ಮುಳುಗಡೆಯ ಗೆರೆಯ ಮೇಲಿದ್ದದ್ದು ಉಳಿಯಿತು, ಕೆಳಗಿದ್ದದ್ದು ಹೋಯಿತು. ನಾವು ಕೆಳಗಿನವರು. ನಮ್ಮ ಮನೆಯವರು ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಪ್ಲಾಟ್ ತೊಗೊಂಡರು. ಗೌಂಡಿಯ ಅಪ್ಪ ಪರಿಹಾರದ ದುಡ್ಡು ಹಿಡಿದು ಹುಬ್ಬಳ್ಳಿಗೆ ಹೋದರು. ಮಗ ಎಂಜಿನಿಯರಿಂಗ್ ಸೀಟಿನ ನೆವದಲ್ಲಿ ತನ್ನ ಊರಿಗೇ ವಾಪಸು ಬಂದು ಹಾಸ್ಟೆಲ್ಲಿನಲ್ಲಿ ಪರದೇಶಿಯಂತೆ ಇದ್ದ.

ಪರಿಹಾರದ ಲೆಕ್ಕಕ್ಕೆ ಮನೆಗಳ ಅಳತೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಟೇಪು ಹಿಡಿದವನೊಬ್ಬ, ಬರೆದುಕೊಳ್ಳುವವನೊಬ್ಬ. ಪಡಸಾಲೆಯ ಉದ್ದಗಲ, ಗೋಡೆಯ ದಪ್ಪ, ತೊಲೆ ಎಷ್ಟು, ಕಂಬ ಎಷ್ಟು, ಬಾಗಿಲು ಸಾಗವಾನಿಯೋ ಬೇವಿನದೋ, ಮೇಲ್ಮುದ್ದೆಯ ಮಾಳಿಗೆಯೋ ಆರ್‌ಸಿಸಿಯೋ, ಎಲ್ಲಕ್ಕೂ ಒಂದೊಂದು ಕಾಲಂ. ಮುತ್ಯಾ ಅವರ ಹಿಂದೆ ಹಿಂದೆ ನಡೆದು ಓಣಿಯ ಬಾಯಿಗೆ ಬಂದು, ಬೇವಿನಮರದ ಸುತ್ತಲಿದ್ದ ಕಟ್ಟೆ ತೋರಿಸಿ ಕೇಳಿದರು:

"ಸಾಹೇಬ್ರ, ಈ ಕಟ್ಟಿಗೆ ಎಷ್ಟು ಬರತೈತ್ರಿ?"

"ಯಾರ ಹೆಸರಿನ ಮ್ಯಾಲ ಐತ್ರಿ ಅಜ್ಜಾರ?"

"ಯಾರ ಹೆಸರಿನ ಮ್ಯಾಲೂ ಇಲ್ಲ. ಎಲ್ಲಾರೂ ಕುಂಡ್ರತೀವಿ."

"ಹಂಗಾದ್ರ ಬರೂದಿಲ್ರಿ."

ಜಗಳ ಏನೂ ಆಗಲಿಲ್ಲ. ಆ ಮನುಷ್ಯ ಕೇಳಿದ್ದು ಸರಿಯಾದ ಪ್ರಶ್ನೆಯೇ, ಮುತ್ಯಾ ಹೇಳಿದ್ದೂ ಸರಿಯಾದ ಉತ್ತರವೇ. ಆ ಕಾಗದದಲ್ಲಿ ಕಟ್ಟೆಗೆ ಕಾಲಂ ಇರಲಿಲ್ಲ ಅಷ್ಟೇ. ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರಿದೆವು. ಕಟ್ಟೆ ಅಲ್ಲೇ ಉಳಿಯಿತು.

ಐದು ವರ್ಷ ಬಿಟ್ಟು ಗೌಂಡಿ ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿದ. ಗೋಡೆಗೆ ಬಳಿಯಲು ನಮ್ಮ ಓಣಿಯ ಫೋಟೋ ಒಂದೂ ಇರಲಿಲ್ಲವಾದ್ದರಿಂದ ಆಟದಲ್ಲೇ ಇದ್ದ ಡಸ್ಟ್ ಎಂಬ ಮರಳುಗಾಡಿನ ಮ್ಯಾಪಿನ ಗೋಡೆಗಳನ್ನೇ ಎತ್ತಿಕೊಂಡ. ಬಾಗಲಕೋಟೆಯ ಓಣಿಗೆ ಅರಬಸ್ತಾನದ ಗೋಡೆ! ಬಿಸಿಲು ಮಾತ್ರ ತಾಳೆಯಾಯಿತು. ಮಧ್ಯಾಹ್ನ ನಾಲ್ಕರ ಬಿಸಿಲೇ ಬೇಕು, ಆಗಷ್ಟೇ ಕಟ್ಟೆಯ ಮೇಲೆ ನೆರಳು ಬರುವುದು ಎಂದು ಸೂರ್ಯನ ಕೋನಕ್ಕಾಗಿ ಮೂರು ರಾತ್ರಿ ಕಳೆದ.

ಹಾಸ್ಟೆಲ್ಲಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ ಲ್ಯಾನ್‌ನಲ್ಲಿ ಆಡಲು ಶುರು ಮಾಡಿದ ವಾರದೊಳಗೆ ಆ ಕಟ್ಟೆ ಇಡೀ ಮ್ಯಾಪಿನ ಅತಿ ಹೊಲಸು ಜಾಗವಾಯಿತು. ಅಲ್ಲಿ ಕುಕ್ಕರಗಾಲಲ್ಲಿ ಕುಂತು ಸ್ನೈಪರ್ ಹಿಡಿದರೆ ಓಣಿಯ ಮೂರೂ ದಾರಿ ಕಾಣುತ್ತಿದ್ದವು. ಕಟ್ಟೆ ಹಿಡಿದವನೇ ಗೆದ್ದ. ಗೌಂಡಿ ಯೋಚಿಸಿ ಮಾಡಿದ್ದಲ್ಲ, ಓಣಿ ಇದ್ದದ್ದೇ ಹಾಗೆ.

ಒಂದು ರವಿವಾರ ಸಿಡಿಯಲ್ಲಿ ಮನೆಗೆ ತಂದು ಮುತ್ಯಾನಿಗೆ ತೋರಿಸಿದೆ. ಬಂದೂಕಿನ ಕೈಯನ್ನು ನೋಡಿ ಮುಖ ಸಿಂಡರಿಸಿದರು, ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬಾವಿ ಎಲ್ಲಿ ಎಂದರು. ತೋರಿಸಿದೆ. ಕಟ್ಟೆಯ ಹತ್ತಿರ ಹೋಗಿ ಸ್ಪೇಸ್ ಬಾರ್ ಒತ್ತಿ ಜಿಗಿದು ಮೇಲೆ ಹತ್ತಿದೆ.

"ಇಷ್ಟು ಎತ್ತರ ಇದ್ದಿದ್ದಿಲ್ಲ" ಎಂದರು ಮುತ್ಯಾ. "ಜಿಗದು ಹತ್ತು ಕಟ್ಟಿ ಮ್ಯಾಲ ಯಾರರ ಮುದುಕರು ಕುಂಡ್ರತಾರೇನೋ?"

ಇಪ್ಪತ್ತು ವರ್ಷದಿಂದ ಆನ್‌ಲೈನ್ ಆಟಗಳ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದರಷ್ಟು ಸರಿಯಾದದ್ದು ಇನ್ನೊಂದಿಲ್ಲ.

ಆಟದ ಕಂಪನಿ ಮಾಡಿದ್ದು ಮೇಲೋ, ಆಡುವವರು ಮಾಡಿಕೊಂಡದ್ದು ಮೇಲೋ ಎಂಬ ವಾದ ನಮ್ಮ ಗೆಳೆಯರ ಗುಂಪಿನಲ್ಲಿ ಇವತ್ತಿಗೂ ನಡೆಯುತ್ತದೆ. ವಾದಕ್ಕೆ ಕುಂತವರಲ್ಲಿ ಅರ್ಧದಷ್ಟು ಜನ ತಾವು ಕಂಪನಿಯದೆಂದು ಆಡುತ್ತಿರುವುದು ಮೂಲದಲ್ಲಿ ಯಾರದು ಎಂಬುದನ್ನೇ ಮರೆತಿರುತ್ತಾರೆ. ಕೌಂಟರ್ ಸ್ಟ್ರೈಕ್ ಎಂಬುದು 1999ರಲ್ಲಿ ಮಿನ್ ಲೇ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹಾಫ್ ಲೈಫ್ ಆಟದ ಮೇಲೆ ಕಟ್ಟಿದ ಮಾಡ್, ಅಂದರೆ ಇದ್ದ ಆಟವನ್ನೇ ಬದಲಿಸಿ ಮಾಡಿಕೊಂಡ ಆಟ. ಮರುವರ್ಷ ವಾಲ್ವ್ ಕಂಪನಿ ಅದನ್ನು ಕೊಂಡು, ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡು ಅಂಗಡಿಗೆ ತಂದಿತು. ನಾವು ಗೋಡೆ ಕದ್ದ ಆ ಡಸ್ಟ್ ಮ್ಯಾಪನ್ನು ಮಾಡಿದ ಡೇವ್ ಜಾನ್‌ಸ್ಟನ್ ಆಗ ಇಂಗ್ಲೆಂಡಿನಲ್ಲಿ ಶಾಲೆ ಕಲಿಯುತ್ತಿದ್ದ ಹುಡುಗ. ಅವನಾದರೂ ಟೀಮ್ ಫೋರ್ಟ್ರೆಸ್ 2 ಆಟ ಹೊರಬರುವ ಮೊದಲು ಪ್ರಚಾರಕ್ಕೆ ಬಿಟ್ಟಿದ್ದ ಚಿತ್ರಗಳ ಮರಳುಗಾಡಿನ ಊರು ನೋಡಿ ಅದರಂತೆ ಮಾಡಿದವನು. ಚಿತ್ರ ನೋಡಿ ಅವನು, ಅವನನ್ನು ನೋಡಿ ಗೌಂಡಿ.

ಡೋಟಾ ಎಂಬ ಆಟದ ಕಥೆಯೂ ಇಂಥದೇ. ವಾರ್‌ಕ್ರಾಫ್ಟ್ 3ರ ಜೊತೆ ಬಂದ ಮ್ಯಾಪ್ ಎಡಿಟರಿನಲ್ಲಿ ಯೂಲ್ ಎಂಬ ಹೆಸರಿನವನು ಶುರು ಮಾಡಿದ. ಅವನು ಬಿಟ್ಟಮೇಲೆ ಸ್ಟೀವ್ ಫೀಕ್, ಅವನ ನಂತರ ಐಸ್‌ಫ್ರಾಗ್. ಒಬ್ಬರ ಕೈಯಿಂದ ಒಬ್ಬರ ಕೈಗೆ, ಭಜನಾ ಮಂಡಳಿಯ ಹಾರ್ಮೋನಿಯಂ ದಾಟಿದಂತೆ ದಾಟಿತು. ಅದರಿಂದಲೇ 2009ರಲ್ಲಿ ಲೀಗ್ ಆಫ್ ಲೆಜೆಂಡ್ಸ್, 2013ರಲ್ಲಿ ಡೋಟಾ 2. ಹೆಸರು ಯಾರದು ಎಂದು ಎರಡು ದೊಡ್ಡ ಕಂಪನಿಗಳು ತಕರಾರು ತೆಗೆದು 2012ರಲ್ಲಿ ರಾಜಿಯಾದವು. ಪಬ್‌ಜಿಯ ಬ್ರೆಂಡನ್ ಗ್ರೀನ್ ಕೂಡ ಮೊದಲು ಆರ್ಮಾ 2ರ ಡೇಝಡ್ ಮಾಡ್ ಮೇಲೆ ತನ್ನದೊಂದು ಮಾಡ್ ಕಟ್ಟಿದವನೇ.

ಹಾಗಂತ ಆಡುವವರು ಮಾಡಿದ್ದೆಲ್ಲ ಬಂಗಾರ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಗೌಂಡಿಯ ಹೊರತಾಗಿ ಹಾಸ್ಟೆಲ್ಲಿನಲ್ಲಿ ಇನ್ನೂ ನಾಲ್ವರು ಮ್ಯಾಪು ಮಾಡಿದರು. ಒಬ್ಬ ಮಾಡಿದ್ದು ಬರೀ ಒಂದು ಚೌಕ ಕೋಣೆ, ನಡುವೆ ನಾಲ್ಕು ಕಂಬ, ನೆಲದ ತುಂಬ ಬಂದೂಕು. ಸೂಪರ್ ಹಿಟ್! ಮೂರು ವಾರ ಎಲ್ಲರೂ ಅದನ್ನೇ ಆಡಿದರು, ಆಮೇಲೆ ಅದರ ಹೆಸರನ್ನೂ ಮರೆತರು. ಸಿಟಿ ಆಫ್ ಹೀರೋಸ್ ಎಂಬ ಆಟದವರು 2009ರಲ್ಲಿ, ನಿಮ್ಮ ಕಥೆ ನೀವೇ ಕಟ್ಟಿರಿ ಎಂದು ಮಿಷನ್ ಆರ್ಕಿಟೆಕ್ಟ್ ಎಂಬ ಉಪಕರಣ ಕೊಟ್ಟರು. ಜನ ಕಥೆಯನ್ನೂ ಕಟ್ಟಿದರು, ಇಲ್ಲವೆಂದಲ್ಲ. ಆದರೆ ಬಹಳಷ್ಟು ಮಂದಿ ಕಟ್ಟಿದ್ದು, ಸುಲಭಕ್ಕೆ ಸಾಯುವ ರಾಕ್ಷಸರನ್ನು ಸಾಲಾಗಿ ನಿಲ್ಲಿಸಿ ಬೇಗ ಬೇಗ ಲೆವೆಲ್ ಏರುವ ಕಾರಖಾನೆಗಳನ್ನು. ಕಂಪನಿ ಒಂದು ಸಂದು ಮುಚ್ಚಿದರೆ ಇವರು ಇನ್ನೊಂದು ಹುಡುಕುವವರು. ಅಲ್ಟಿಮಾ ಆನ್‌ಲೈನಿನವರ ಪಾಡಂತೂ ಕೇಳಬಾರದು. 1997ರಲ್ಲೇ, ಹುಲ್ಲು ಮೇಯುವ ಪ್ರಾಣಿ, ಅದನ್ನು ತಿನ್ನುವ ಪ್ರಾಣಿ, ಹಸಿವು ಎಲ್ಲವೂ ತಾವಾಗಿ ನಡೆಯುವ ಕಾಡೊಂದನ್ನು ಅಷ್ಟು ಮನಸ್ಸಿಟ್ಟು ರೂಪಿಸಿದ್ದರು. ಬಾಗಿಲು ತೆರೆದದ್ದೇ ತಡ, ಆಡಲು ಬಂದವರು ಕಂಡಕಂಡದ್ದನ್ನೆಲ್ಲ ಕೊಂದು ಹಾಕಿದರು. ಅಲ್ಲೊಂದು ಕಾಡಿನ ಲೆಕ್ಕಾಚಾರ ನಡೆಯುತ್ತಿದೆ ಎಂದು ಗೊತ್ತಾಗುವಷ್ಟು ಹೊತ್ತೂ ಅದು ಬದುಕಲಿಲ್ಲ. ಕಡೆಗೆ ಅದನ್ನು ತೆಗೆದೇಬಿಟ್ಟರು.

ಕಂಪನಿಯವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ನವನಗರದಲ್ಲಿ ಇದ್ದೂ ಇದ್ದೂ. ನವನಗರ ಎಂದರೆ ಎಂಜಿನಿಯರುಗಳು ಕುಂತು ಬರೆದ ಮ್ಯಾಪು. ಸೆಕ್ಟರ್ ನಂಬರ್, ಪ್ಲಾಟ್ ನಂಬರ್, ಅಗಲ ರಸ್ತೆ, ಉದ್ಯಾನಕ್ಕೆಂದು ಬಿಟ್ಟ ಜಾಗ, ಶಾಲೆಗೆಂದು ಬಿಟ್ಟ ಜಾಗ. ಮೊದಲ ವರ್ಷ ಮುತ್ಯಾ ಸೆಕ್ಟರೆಲ್ಲ ಸುತ್ತಿ ಬಂದು "ಇಲ್ಲಿ ಎಲ್ಲಾ ಐತಿ, ಕುಂಡ್ರಾಕ ನೆವ ಇಲ್ಲ" ಎಂದಿದ್ದರು. ಅದನ್ನು ಊರವರೆಲ್ಲ ಮೆಚ್ಚಿ ಹೇಳಿಕೊಂಡು ತಿರುಗಿದರು. ಆದರೆ ಅವ್ವನನ್ನು ಕೇಳಿ. ಹಳೇ ಓಣಿಯಲ್ಲಿ ಕೊಡ ಹಿಡಿದು ಸರತಿಗೆ ನಿಂತವಳು ಅವಳು, ಕಟ್ಟೆಯ ಮೇಲೆ ಕುಂತವಳಲ್ಲ. ಕಟ್ಟೆ ಇದ್ದದ್ದೇ ಗಂಡಸರಿಗೆ. ನವನಗರದ ನಳ ಅವಳಿಗೆ ಯಾವ ಬೇವಿನಮರಕ್ಕಿಂತಲೂ ಹೆಚ್ಚು. ಕಂಪನಿ ಕಟ್ಟಿದ್ದನ್ನು ಜರಿಯುವ ಹಳೇ ಆಟಗಾರರನ್ನು ಕಂಡಾಗಲೆಲ್ಲ ನನಗೆ ಅವ್ವನ ನೆನಪಾಗುತ್ತದೆ. ಹಳೇ ಸರ್ವರುಗಳಲ್ಲಿ ಹೊಸಬರಿಗೆ, ಅದರಲ್ಲೂ ಹೆಣ್ಣುದನಿ ಕೇಳಿದರೆ, ಎಂಥ ಮಾತು ಬೀಳುತ್ತಿದ್ದವು! ಆಟದವರೇ ಮಾಡಿಕೊಂಡ ಲೋಕ ಎಂದರೆ ಅದೂ ಸೇರಿತ್ತು.

(ಹೋಳಿ ಹಬ್ಬಕ್ಕೆ ಮಾತ್ರ ನಾವೆಲ್ಲ ಇವತ್ತಿಗೂ ಹಳೇ ಊರಿಗೇ ಇಳಿಯುತ್ತೇವೆ. ಹಲಗಿ ಸದ್ದು ಸೆಕ್ಟರುಗಳ ಅಗಲ ರಸ್ತೆಗೆ ಹೊಂದುವುದಿಲ್ಲ, ಅದಕ್ಕೆ ಎರಡೂ ಕಡೆ ಗೋಡೆ ಒತ್ತಿಕೊಂಡಿರಬೇಕು.)

ಮ್ಯಾಪು, ಮಾಡ್, ಬಟ್ಟೆಬರೆ ಇವನ್ನಷ್ಟೇ ಆಡುವವರ ಸೃಷ್ಟಿ ಎಂದು ಲೆಕ್ಕ ಹಿಡಿದರೆ ಟೇಪು ಹಿಡಿದು ಬಂದವನ ಕಾಗದವೇ ಆಯಿತು. ಕಾಲಂನಲ್ಲಿ ಹಿಡಿಯದ್ದು ಇನ್ನೊಂದಿದೆ. ಈವ್ ಆನ್‌ಲೈನ್ ಎಂಬ ಅಂತರಿಕ್ಷದ ಆಟದಲ್ಲಿ 2014ರ ಜನವರಿ 27ರಂದು ಒಂದು ಯುದ್ಧವಾಯಿತು. ಯಾವ ಡೆವಲಪರೂ ಅದನ್ನು ಬರೆದಿರಲಿಲ್ಲ. ಒಂದು ಗುಂಪಿನವರು ತಮ್ಮ ಹಿಡಿತದಲ್ಲಿದ್ದ ಬಿ-ಆರ್5ಆರ್‌ಬಿ ಎಂಬ ಜಾಗಕ್ಕೆ ಕಟ್ಟಬೇಕಿದ್ದ ಬಾಕಿ ಕಟ್ಟದೆ ತಪ್ಪಿತು, ಹಕ್ಕು ಬಿದ್ದುಹೋಯಿತು, ವೈರಿಗಳು ನುಗ್ಗಿದರು. ಕಂದಾಯ ಕಟ್ಟದ್ದಕ್ಕೆ ಹೊಲ ಹೋದ ಕಥೆ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? 21 ತಾಸು ಕಾದಾಡಿದರು. ಆ ಆಟದ ಅತಿ ದೊಡ್ಡ ಹಡಗು ಟೈಟನ್. ಒಂದನ್ನು ಕಟ್ಟಲು ಗುಂಪುಗಟ್ಟಿ ತಿಂಗಳುಗಟ್ಟಲೆ ದುಡಿಯಬೇಕು. ಅಂಥ 75 ಟೈಟನ್ ಅವತ್ತು ಸುಟ್ಟುಹೋದವು. ಆಟದೊಳಗಿನ ಆ ಹಾನಿಯನ್ನು ಡಾಲರಿಗೆ ಇಳಿಸಿದರೆ ಸುಮಾರು 3 ಲಕ್ಷ ಎಂದರು. ಆಮೇಲೆ ಕಂಪನಿ ಅದೇ ಜಾಗದಲ್ಲಿ ಹಡಗುಗಳ ಅವಶೇಷವನ್ನು ಸ್ಮಾರಕವಾಗಿ ಇಟ್ಟಿತು. ನನಗೆ ಯುದ್ಧಕ್ಕಿಂತ ಆ ಸ್ಮಾರಕ ಇಷ್ಟ. ನಡೆಸಿದವರು ನೀವು, ಕಲ್ಲು ನೆಡುವುದು ನಮ್ಮ ಕೆಲಸ ಎಂದಂತಿದೆ ಅದು.

ನಮ್ಮದು ಅಷ್ಟು ದೊಡ್ಡದಲ್ಲ. 2020ರ ಲಾಕ್‌ಡೌನಿನಲ್ಲಿ ನಾವು ನಾಲ್ವರು ಪಬ್‌ಜಿ ಮೊಬೈಲಿನಲ್ಲಿ ಕೂಡಿದೆವು. ಗೌಂಡಿ ಪುಣೆಯಿಂದ, ಒಬ್ಬ ವಿಜಯಪುರದಿಂದ, ಒಬ್ಬ ಮುಧೋಳದಿಂದ, ನಾನು ನವನಗರದಿಂದ. ದಿನಾ ರಾತ್ರಿ ಹತ್ತಕ್ಕೆ. ಹದಿನೈದು ದಿನದೊಳಗೆ ಆಟದೊಳಗಿನ ಎರಂಗಲ್ ದ್ವೀಪದ ಹೆಸರುಗಳೆಲ್ಲ ಬದಲಾದವು. ಪೋಚಿಂಕಿ ನಮಗೆ ವಲ್ಲಭಭಾಯಿ ಚೌಕ. ಮಿಲಿಟರಿ ಬೇಸಿಗೆ ಹೋಗುವ ಸೇತುವೆ, ಕುತ್ತಿಗೆ ಹಿಡಿದು ವಸೂಲಿ ಮಾಡುವವರು ಅಲ್ಲೇ ಕಾಯುತ್ತಿದ್ದರಿಂದ, ಟೋಲ್ ನಾಕಾ. ನೀರಿಗೆ ಇಳಿಯುವ ಒಂದು ತಗ್ಗಿನ ಮನೆಸಾಲಿಗೆ ಗೌಂಡಿಯೇ 'ಮುಳುಗಡೆ' ಎಂದು ಹೆಸರಿಟ್ಟ. "ಮುಳುಗಡಿಗೆ ಇಳಿಯೂಣೇನ್ರೋ?" ಎಂದರೆ ಮೂವರೂ ಅಲ್ಲೇ ಜಿಗಿಯುವುದು. ಅಲ್ಲಿ ಸಾಮಾನು ಏನೂ ಸಿಗುತ್ತಿರಲಿಲ್ಲ, ಸಾಯುವುದೇ ಹೆಚ್ಚು.

ಸೆಪ್ಟೆಂಬರ್ 2ರಂದು 118 ಆ್ಯಪುಗಳಿಗೆ ನಿಷೇಧ ಬಿತ್ತು, ಪಬ್‌ಜಿಯೂ ಅದರಲ್ಲಿ ಸೇರಿತ್ತು. ಮರುವರ್ಷ ಜುಲೈ 2ಕ್ಕೆ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂದಾಗ ಹಳೇ ಖಾತೆಯ ಸರಂಜಾಮು ಹೊಸದಕ್ಕೆ ವರ್ಗ ಮಾಡಿಕೊಳ್ಳುವ ಅನುಕೂಲ ಕೊಟ್ಟರು. ನನ್ನ ಕೆಂಪು ಜಾಕೆಟ್ಟು ಬಂತು, ದುಡ್ಡು ಕೊಟ್ಟು ತೊಗೊಂಡಿದ್ದ ಬಂದೂಕಿನ ಬಣ್ಣ ಬಂತು. ಒಂದೂ ಕಡಿಮೆಯಾಗಲಿಲ್ಲ, ಲೆಕ್ಕ ಚೊಕ್ಕ. ಆದರೆ ಆ ಹತ್ತು ತಿಂಗಳಲ್ಲಿ ಮುಧೋಳದವನಿಗೆ ಮದುವೆಯಾಗಿತ್ತು, ವಿಜಯಪುರದವನು ರಾತ್ರಿ ಪಾಳಿಗೆ ಸೇರಿದ್ದ. ನಾನು ಒಬ್ಬನೇ ಗೊತ್ತಿಲ್ಲದ ಮೂವರ ಜೊತೆ ವಿಮಾನದಲ್ಲಿ ಕುಂತು, ಅಭ್ಯಾಸಬಲದಿಂದ "ಮುಳುಗಡಿ" ಎಂದೆ. "ಕ್ಯಾ?" ಎಂದ ಒಬ್ಬ. ಜಾಕೆಟ್ಟಿಗೆ ಪರಿಹಾರ ಉಂಟು, ಕಟ್ಟೆಗೆ ಇಲ್ಲ.

ಈಗೀಗ ಕಂಪನಿಗಳು ಜಾಣವಾಗಿವೆ. ಡೋಟಾದಿಂದ ಪಾಠ ಕಲಿತ, ವಾರ್‌ಕ್ರಾಫ್ಟ್ ಮಾಡಿದ ಬ್ಲಿಝಾರ್ಡ್ ಕಂಪನಿ 2020ರಲ್ಲಿ ವಾರ್‌ಕ್ರಾಫ್ಟ್ 3ರ ಹೊಸ ಆವೃತ್ತಿ ತಂದಾಗ, ಇದರ ಎಡಿಟರಿನಲ್ಲಿ ನೀವು ಮಾಡುವ ಆಟ ನಮ್ಮ ಸ್ವತ್ತು ಎಂದು ಷರತ್ತಿನಲ್ಲೇ ಬರೆದುಬಿಟ್ಟಿತು. ಉತಾರ ಮೊದಲೇ ಅವರ ಹೆಸರಿಗೆ. ರೋಬ್ಲಾಕ್ಸ್ ಬೇರೆ ದಾರಿ ಹಿಡಿದಿದೆ. ಅಲ್ಲಿನ ಆಟಗಳನ್ನೆಲ್ಲ ಆಡುವವರೇ ಕಟ್ಟುತ್ತಾರೆ, ಗಳಿಸಲೂಬಹುದು. ಆದರೆ ರೋಬಕ್ಸ್ ಎಂಬ ಅಲ್ಲಿನ ನಾಣ್ಯ ಕೊಳ್ಳುವಾಗ ಒಂದು ದರ, ಗಳಿಸಿದ್ದನ್ನು ನಗದು ಮಾಡುವಾಗ ಅದಕ್ಕಿಂತ ಬಹಳ ಕಡಿಮೆ ದರ. ಅಡತಿ ಅಂಗಡಿಗೆ ಉಳ್ಳಾಗಡ್ಡಿ ಹಾಕಿದ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ಯಾಯ ಎನ್ನಲಾರೆ, ಸಂತೆಯ ಜಾಗ, ನೆರಳು, ಕಾವಲು ಎಲ್ಲ ಅವರದೇ. ನನ್ನ ತಕರಾರು ದರದ್ದಲ್ಲ. ಸಂತೆ ಎತ್ತಿದ ದಿನ ನನ್ನ ತಕ್ಕಡಿ ನಾನು ಒಯ್ಯಬಹುದೋ ಇಲ್ಲವೋ, ಅದು.

ಆ ಸಿಟಿ ಆಫ್ ಹೀರೋಸ್ ಎಂದೆನಲ್ಲ, ಲೆವೆಲ್ ಕಾರಖಾನೆಗಳದು, ಅದನ್ನು 2012ರ ನವೆಂಬರ್ 30ಕ್ಕೆ ಮುಚ್ಚಿದರು. ಅದಕ್ಕೂ ಮೊದಲು ಆಡುವವರು ಆಟದೊಳಗಿನ ಅಟ್ಲಾಸ್ ಪಾರ್ಕಿನಲ್ಲಿ ಪಂಜು ಹಿಡಿದು ಸೇರಿದ್ದರು, ಥೇಟ್ ನಮ್ಮ ಮುಳುಗಡೆ ಹೋರಾಟಗಳ ಹಾಗೆ. ಫಲವೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಕಥೆ ಮುಗಿಯಲಿಲ್ಲ. ಕೆಲವರು ಅದನ್ನು ಗುಟ್ಟಾಗಿ ತಮ್ಮ ಸರ್ವರಿನಲ್ಲಿ ನಡೆಸುತ್ತಲೇ ಇದ್ದದ್ದು 2019ರಲ್ಲಿ ಬಯಲಾಯಿತು. ಬೈದಾಡಿದರು, ಬೇಡಿದರು, ಕಡೆಗೆ ಎಲ್ಲರಿಗೂ ತೆರೆದರು. 2024ರ ಜನವರಿಯಲ್ಲಿ ಆಡುವವರೇ ನಡೆಸುವ ಹೋಮ್‌ಕಮಿಂಗ್ ಎಂಬ ಸರ್ವರಿಗೆ ಮೂಲ ಕಂಪನಿಯೇ ಪರವಾನಗಿ ಕೊಟ್ಟಿತು. ಕಂಪನಿ ಕಟ್ಟಿದ ಊರು, ಆಡುವವರು ನೀರಿನಿಂದ ಎತ್ತಿದ ಊರು. ಅದನ್ನು ಈಗ ಯಾರು ಮಾಡಿದ್ದೆಂದು ಬರೆಯುತ್ತೀರಿ?

ಗೌಂಡಿಯ ಮ್ಯಾಪಿನ ಮೂಲ ಫೈಲು ಉಳಿಯಲಿಲ್ಲ. ಅವನ ಹಾರ್ಡ್ ಡಿಸ್ಕ್ ಕೆಟ್ಟಾಗ ಹೋಯಿತು. ನನ್ನ ಹತ್ತಿರ ಇರುವುದು ಕಂಪೈಲ್ ಆದ ಪ್ರತಿ, ಅಂದರೆ ಒಳಗೆ ಹೋಗಿ ಓಡಾಡಬಹುದು, ಕಲ್ಲು ಸರಿಸಲು ಬರುವುದಿಲ್ಲ. ಕಟ್ಟೆ ಅಷ್ಟೇ ಎತ್ತರ ಉಳಿದಿದೆ. ಮುತ್ಯಾ ತೀರಿಕೊಂಡು ಒಂಬತ್ತು ವರ್ಷವಾಯಿತು.

ಹೋದ ದೀಪಾವಳಿಗೆ ಅಕ್ಕನ ಮಗ ಬಂದಿದ್ದ, ಏಳನೇ ಇಯತ್ತೆ. ಮೈನ್‌ಕ್ರಾಫ್ಟ್ ಹುಚ್ಚು. ಅವನ ಲೋಕ ಅವನ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲೇ ಇರುತ್ತದೆ ಎಂದು ಗೊತ್ತಾದ ಕೂಡಲೇ ನಾನು ಪೆನ್‌ಡ್ರೈವ್ ತೆಗೆದೆ. "ಎದಕ್ಕ ಮಾಮಾ?" ಎಂದ. "ಇರಲಿ ತಗೋ" ಎಂದೆ. ಅವನಿಗೆ ಹಳೇ ಮ್ಯಾಪು ತೋರಿಸಿದೆ. ಚಿತ್ರ ನೋಡಿ ನಕ್ಕ, ಎಲ್ಲ ಚೌಕ ಚೌಕ ಎಂದು. ಮೈನ್‌ಕ್ರಾಫ್ಟ್ ಆಡುವವನು ಹೇಳುವ ಮಾತೇ ಅದು? ಆದರೂ ಮರುದಿನ ಬೆಳಿಗ್ಗೆ ಓಣಿ ಕಟ್ಟಲು ಕುಂತ. ಬಾವಿ ಆಯಿತು, ನಮ್ಮ ಮನೆ ಆಯಿತು. ಅವ್ವ ಒಳಗಿಂದಲೇ "ಆ ನಳ ಹಾಕೋ, ನಳ ಹಾಕು" ಎಂದು ಕೂಗಿ ಹೇಳಿ, ಇಲ್ಲದ ಓಣಿಗೆ ಇಲ್ಲದ ನಳವನ್ನೂ ಹಾಕಿಸಿದಳು.

ಬೇವಿನಮರಕ್ಕೆ ಬಂದಾಗ ನಿಲ್ಲಿಸಿದ. "ಮಾಮಾ, ಕಟ್ಟಿ ಎಷ್ಟು ಎತ್ತರ ಇತ್ತು?"

ಎದ್ದು ನಿಂತು ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದೆ. ಇಷ್ಟು.

"ಒಂದು ಬ್ಲಾಕ್ ಅಂದ್ರ ಒಂದು ಮೀಟರ್ ಆಕ್ಕೈತಿ, ಭಾಳ ಆತು" ಎಂದು, ಅರ್ಧ ಬ್ಲಾಕಿನ ಚಪ್ಪಡಿ ಆರಿಸಿ ಮರದ ಸುತ್ತ ಸಾಲಾಗಿ ಇಟ್ಟ. ಆಮೇಲೆ ನಡೆದು ಹೋಗಿ ಹತ್ತಿದ. ಸ್ಪೇಸ್ ಬಾರ್ ಮುಟ್ಟಲಿಲ್ಲ.